ಬಾಳ್ಯಾ ಇಣುಕಿದ ಸಂದಿ

ಶಲವಡಿ ಬಸ್ಸಿಗೆ ಮಧ್ಯಾಹ್ನದಿಂದ ಕಾದು ಕಾದು ಗುರವ್ವನ ಸೊಂಟ ಹಿಡಿದಿತ್ತು. ನವಲಗುಂದ ಬಸ್‌ಸ್ಟ್ಯಾಂಡಿನ ಅವಳು ಕೂತಿದ್ದ ಕಲ್ಲುಬೆಂಚಿನ ಮೇಲೆಯೇ, ಹುಬ್ಬಳ್ಳಿ ದವಾಖಾನೆಯಿಂದ ಬಂದಿಳಿದ ವೆಂಕಣ್ಣ, ದಿನಕರ ಎಂಬ ಅಣ್ಣತಮ್ಮಂದಿರು ಚೌಕಳಿ ಗೆರೆ ಎಳೆದ ಬಟ್ಟೆ ಹಾಸಿಕೊಂಡು, ಅಲ್ಲಿ ಮಲಗಿದ್ದ ಕಿರಿಯ ತಮ್ಮ ಆಟ ಬರೆದುಕೊಟ್ಟ ಚೀಟಿಯೊಂದನ್ನು ನೋಡಿ ನೋಡಿ ಹುಣಸೆಬೀಜ, ಕವಡೆ ಇಡುತ್ತಿದ್ದರು. ಅವಳು ಕಂಡರಿಯದ ಆಟ.

“ಹಾಸಿಗಿ ಹಿಡದ್ರೂ ತಮ್ಮನ ಆಟ ನೋಡು, ದಿನ್ಯಾ. ನಮ್ಮ ಬೀಜದ ಸಂದಿನ್ಯಾಗ ಕವಡಿ ತಂದು ಇಣಕ್ಯಾನ.”

“ಸಂದಿ ಮುಚ್ಚಿಬಿಡು, ಅಣ್ಣಾ. ಇಲ್ಲಾಂದ್ರ ಬಾಳ್ಯಾ ನಡುವ ಕಡೀತಾನ. ನನಗ ಸಾಕಾಗೇದ.”

“ಮುಚ್ಚಿದ್ರ ಬರೇ ಗ್ವಾಡಿ ಆಗ್ತದ. ಆ ಕಡೆ ಎರಡು ಬೀಜ ಅವ, ಈ ಕಡೆ ಒಂದು. ಈ ಒಂಟಿ ಬೀಜದ ಬಾಜೂಕ ಇನ್ನೊಂದು ಇಡೂಣು.”

“ಸಂದಿ ತೆರದೇ ಇರ್ತದಲ್ಲಾ?”

“ಎರಡು ಸಂದಿ ಆಗ್ತಾವ. ಅಂವ ಒಂದ್ರಾಗ ಹೊಕ್ರ ನಾವು ಇನ್ನೊಂದು ಮುಚ್ಚೋದು. ಕಡೀಲಿಕ್ಕಂತೂ ಆಗೂದಿಲ್ಲ. ಆದ್ರ ಅಂವ ಕೂತು ವಿಚಾರ ಮಾಡಬೇಕಾಗ್ತದ.”

“ಮಲಕೊಂಡು ಅನ್ನು.”

“ಮಲಕೊಂಡೇ ಮಾಡ್ಲಿ.”

“ಎಷ್ಟು ದಿನಾ ಬೇಕು ಆ ವಿಚಾರಕ್ಕ?”

“ಮೂರ್ನಾಲ್ಕು.”

“ಡಾಕ್ಟರು ಎಂಟು ದಿನಾ ಉಳದ್ರ ಹೆಚ್ಚು ಅಂದಾರ.”

ವೆಂಕಣ್ಣ ಒಂದು ಹುಣಸೆಬೀಜ ಆರಿಸಿ ತಮ್ಮನ ಕೈಗಿಟ್ಟ. ತಿರ್ಲಾಪುರದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ದಿನಕರ ಒಂಟಿ ಬೀಜದ ಪಕ್ಕಕ್ಕೆ ಇನ್ನೊಂದು ಬೀಜ ಇಟ್ಟು, ಚೀಟಿಯ ಮೇಲೆ ಗುರುತು ಹಾಕಿಕೊಂಡ.

“ನಾಳೆ ಮೊದಲನೇ ಬಸ್ಸಿಗೇ ಬಾಳ್ಯಾಗ ಒಯ್ದು ಕೊಡ್ತೇನಿ,” ಅಂದ.

ಇಬ್ಬರೂ ಬಟ್ಟೆಯ ನಾಲ್ಕೂ ತುದಿ ಸೇರಿಸಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು.