ಗಾಜಿನ ಪೆಟ್ಟಿಗೆಯೊಳಗಿನ ಬಿಲ್ಲೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಹೊಲಿಗೆ ಯಂತ್ರ ನಿಲ್ಲಿಸಿ ನೇರವಾಗಿ ಇಲ್ಲಿಗೆ ಬಂದಿರುವ ಸೋದರಿಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಗೆಳೆಯರೇ, ಎಲ್ಲ ಸಭಿಕರೇ,

ಕ್ರಾಂತಿಯ ನಲವತ್ತನೆಯ ವರ್ಷದ ಈ ಸಮಾರಂಭದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ‘ವ್ಯಕ್ತಿಸ್ವಾತಂತ್ರ್ಯ ಮತ್ತು ಕ್ರಾಂತಿ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಹನ್ನೊಂದು ಪುಟ ಬರೆದುಕೊಂಡು ಬಂದಿದ್ದೇನೆ. ಹೆದರಬೇಡಿ, ಅದನ್ನು ಓದುವುದಿಲ್ಲ. ಅಧ್ಯಕ್ಷರ ಭಾಷಣ ಮುಗಿಯುವ ತನಕ ವೇದಿಕೆಯಿಂದ ಯಾರೂ ಏಳಬಾರದು ಎಂದೂ ಅವರು ಹೇಳಿದ್ದಾರೆ. ಎಪ್ಪತ್ತು ದಾಟಿದವನಿಗೆ ಅದು ಸ್ವಲ್ಪ ಕಷ್ಟದ ನಿಯಮ. ಯಾಕೆ ಕಷ್ಟ ಎಂದು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಈ ಗಾಜಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಿರಿ. ಒಳಗೆ ಒಂದು ಹಿತ್ತಾಳೆ ಬಿಲ್ಲೆ ಇದೆ. ‘ಮಾಲೀಕನ ದಬ್ಬಾಳಿಕೆಯ ಗುರುತು’ ಎಂದು ಕೆಳಗೆ ಅಂದವಾಗಿ ಬರೆಸಿದ್ದೀರಿ. ಆ ಬಿಲ್ಲೆ ಏನು ಎಂದು ಇಲ್ಲಿರುವ ಚಿಕ್ಕ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಅಂಗಿ ಕಾರ್ಖಾನೆಯಲ್ಲಿ ಒಂದು ಸಾಲಿಗೆ ನಲವತ್ತೆರಡು ಯಂತ್ರ. ಸಾಲಿನ ತುದಿಯಲ್ಲಿ ಒಂದು ಮೊಳೆ, ಮೊಳೆಗೆ ಒಂದು ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡವರು ಮಾತ್ರ ಶೌಚಾಲಯಕ್ಕೆ ಹೋಗಬಹುದಿತ್ತು. ನಲವತ್ತೆರಡು ಹೆಂಗಸರು, ಒಂದು ಬಿಲ್ಲೆ. ಹೋದವರು ಬರುವ ತನಕ ಉಳಿದವರು ಹಲ್ಲು ಕಚ್ಚಿಕೊಂಡು ಹೊಲಿಯುತ್ತಿದ್ದರು. ಬೆಳಗ್ಗೆಯಿಂದ ನೀರೇ ಕುಡಿಯದವರು ಎಷ್ಟೋ ಜನ.

ನಾನು ಬಟ್ಟೆ ಕತ್ತರಿಸುವ ಮೇಜಿನಲ್ಲಿದ್ದೆ. ನನ್ನ ಅಕ್ಕ ಕಾಲರ್ ಹೊಲಿಯುವ ಸಾಲಿನಲ್ಲಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಓದಿಸಿದವಳು, ನಾನು ಓದಿದ್ದು ಸಾಕು ಎಂದಾಗ ಕಿವಿ ಹಿಂಡಿದವಳು. ಕಾರ್ಮಿಕ ಸಂಘದ ಕರಪತ್ರಗಳನ್ನು ನಾನು ಬರೆಯುತ್ತಿದ್ದೆ. ಮಾನವನ ಘನತೆ, ಇತಿಹಾಸದ ಕರೆ, ಹೀಗೆ ದೊಡ್ಡ ದೊಡ್ಡ ಮಾತು. ಅಕ್ಕ ಓದಿ, “ಚೆನ್ನಾಗಿದೆ ಕಣೋ. ಆದ್ರೆ ಬಿಲ್ಲೆ ವಿಷಯ ಎಲ್ಲೂ ಬರೆದಿಲ್ವಲ್ಲ?” ಎನ್ನುತ್ತಿದ್ದಳು. ಅಂಥ ವಿಷಯವನ್ನು ಕರಪತ್ರದಲ್ಲಿ ಬರೆಯುತ್ತಾರೆಯೇ ಎಂದು ನನಗೆ ಸಂಕೋಚ.

ಒಂದು ಮಂಗಳವಾರ ಅಕ್ಕ ಬಿಲ್ಲೆ ಇಲ್ಲದೆ ಎದ್ದಳು. ಮೇಸ್ತ್ರಿ, “ಯಾರನ್ನ ಕೇಳಿ ಎದ್ದೆ?” ಎಂದ. “ನನ್ನನ್ನೇ ಕೇಳ್ಕೊಂಡೆ,” ಎಂದಳು. ಹೋದಳು, ಬಂದಳು, ಕೂತು ಹೊಲಿಯತೊಡಗಿದಳು. ಮೇಸ್ತ್ರಿ ಅವಳ ಯಂತ್ರದ ಕರೆಂಟು ತೆಗೆದ. ಪಕ್ಕದವಳು ಎದ್ದು ನಿಂತಳು. ಅವಳ ಪಕ್ಕದವಳೂ ನಿಂತಳು. ಸಂಜೆಯ ಹೊತ್ತಿಗೆ ಇಡೀ ಕಾರ್ಖಾನೆ ನಿಂತಿತ್ತು. ಆ ವರ್ಷ ದೇಶದಲ್ಲಿ ಊರಿಗೆ ಊರೇ ಎದ್ದದ್ದು ನಿಮಗೆ ತಿಳಿದ ಕಥೆ. ಸರ್ಕಾರ ಉರುಳಿತು, ಮಾಲೀಕ ಓಡಿಹೋದ, ಕಾರ್ಖಾನೆ ನಮ್ಮದಾಯಿತು. ಮೊಳೆಯಲ್ಲಿದ್ದ ಬಿಲ್ಲೆಗಳನ್ನೆಲ್ಲ ಕಿತ್ತು ಹಿಂದಿನ ಮೋರಿಗೆ ಎಸೆದೆವು. ಅಂದಿನಿಂದ ನಮ್ಮ ಸಂಘದಲ್ಲಿ ಮತ ಹಾಕುವಾಗ ಕೈ ಎತ್ತುವ ಪದ್ಧತಿ ಹೋಯಿತು. ಒಪ್ಪಿಗೆ ಇದ್ದವರು ಎದ್ದು ನಿಲ್ಲಬೇಕು. ಅಕ್ಕ ಎದ್ದ ನೆನಪಿಗೆ ಆ ಪದ್ಧತಿ ತಂದವನು ನಾನೇ.

ಹಾಗಾದರೆ ಈ ಪೆಟ್ಟಿಗೆಯಲ್ಲಿ ಇರುವುದು ಯಾವ ಬಿಲ್ಲೆ? ಇಷ್ಟು ಹೊತ್ತು ಕುರ್ಚಿಯಲ್ಲಿ ಕೂತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಇದರ ಹಿಂಭಾಗದಲ್ಲಿ ನಮ್ಮ ಸಂಘದ ಮುದ್ರೆ ಇದೆ. ಸಭಿಕರೇ, ಇದು ಮಾಲೀಕನದಲ್ಲ. ಇದನ್ನು ಮಾಡಿಸಿದವನು ನಾನು.

ಗೆದ್ದ ಮೂರನೆಯ ತಿಂಗಳು ದೊಡ್ಡ ಕೆಲಸ ಒಪ್ಪಿಕೊಂಡಿದ್ದೆವು. ಅಂಗಿಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿರಲಿಲ್ಲ. ಜನ ಸುಮ್ಮಸುಮ್ಮನೆ ಏಳುತ್ತಾರೆ, ಕ್ರಾಂತಿಯನ್ನು ಉಳಿಸಿಕೊಳ್ಳಲು ಶಿಸ್ತು ಬೇಕು ಎಂದು ಸಮಿತಿ ಹೇಳಿತು. ಸಮಿತಿ ಎಂದರೆ ಯಾರು? ನಾನೇ ಕಾರ್ಯದರ್ಶಿ. ಸಾಲಿಗೆ ಎರಡು ಬಿಲ್ಲೆ ಮಾಡಿಸಿದೆ. ಮಾಲೀಕನ ಕಾಲದಲ್ಲಿ ಒಂದು, ನಮ್ಮ ಕಾಲದಲ್ಲಿ ಎರಡು ಎಂದು ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು. ಸಂಜೆ ಅಕ್ಕ ಬಂದು, “ಎರಡಾದ್ರೂ ಬಿಲ್ಲೆ ಬಿಲ್ಲೆನೇ ಕಣೋ,” ಎಂದಳು. “ಇದು ನಮ್ಮ ಬಿಲ್ಲೆ ಅಕ್ಕ, ನಾವೇ ಹಾಕ್ಕೊಂಡ ನಿಯಮ,” ಎಂದೆ. “ನಾನು ಹಾಕ್ಕೊಂಡಿಲ್ವಲ್ಲ,” ಎಂದಳು. ಉತ್ತರ ಇಲ್ಲದಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಸಭೆ ಕರೆಯುತ್ತಾನೆ.

ಅಕ್ಕ ಬಿಲ್ಲೆ ಮುಟ್ಟದೆ ಏಳುತ್ತಲೇ ಇದ್ದಳು. ನನ್ನ ಅಕ್ಕ ಎಂದು ಸುಮ್ಮನೆ ಬಿಟ್ಟರೆ ಜನ ಏನೆಂದಾರು ಎಂದು ನಾನು ಯೋಚಿಸಿದೆ. ಅವಳನ್ನು ಕೆಲಸದಿಂದ ತೆಗೆಯುವ ನಿರ್ಣಯವನ್ನು ನಾನೇ ಓದಿದೆ. ಒಪ್ಪಿಗೆ ಇರುವವರು ಏಳಬೇಕು ಎಂದೆ, ಮೊದಲು ನಾನೇ ಎದ್ದೆ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಆ ಮಂಗಳವಾರ ಅವಳನ್ನು ನೋಡಿ ಎದ್ದು ನಿಂತಿದ್ದ ಪಕ್ಕದ ಯಂತ್ರದವಳೂ ನನ್ನ ಮುಖವನ್ನೇ ನೋಡುತ್ತ ಎದ್ದಳು. ಅಷ್ಟು ದೊಡ್ಡ ಕೋಣೆಯಲ್ಲಿ ಕೂತಿದ್ದವಳು ನನ್ನ ಅಕ್ಕ ಒಬ್ಬಳೇ. ಸ್ವಲ್ಪ ಹೊತ್ತು ನಮ್ಮನ್ನೆಲ್ಲ ನೋಡಿದಳು. ಆಮೇಲೆ ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ವ್ಯಕ್ತಿಸ್ವಾತಂತ್ರ್ಯ ಎಂದರೇನು ಎಂದು ಹನ್ನೊಂದು ಪುಟ ಬರೆದೆ. ಮೊದಲು ಕ್ರಾಂತಿ, ಆಮೇಲೆ ವ್ಯಕ್ತಿಯ ಸ್ವಾತಂತ್ರ್ಯ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದೆ. ಅದು ಸುಳ್ಳು. ನಮ್ಮ ಕ್ರಾಂತಿ ಶುರುವಾದದ್ದೇ ಒಬ್ಬಳು ತನ್ನನ್ನು ತಾನು ಕೇಳಿಕೊಂಡು ಎದ್ದದ್ದರಿಂದ. ಎಲ್ಲರೂ ಎದ್ದು ನಿಂತಾಗ ಒಬ್ಬಳು ನಿಶ್ಚಿಂತೆಯಿಂದ ಕೂತಿರಲು ಆಗದ ದಿನ ಅದು ಮುಗಿಯಿತು. ಆ ದಿನ ಅದನ್ನು ಮುಗಿಸಿದವನು ನಾನು. ಸೋದರಿಯರೇ, ನಿಮ್ಮ ಸಾಲಿನ ತುದಿಯಲ್ಲಿ ಈಗಲೂ ಒಂದು ಮೊಳೆ ಇದೆ, ಅಲ್ಲವೇ? ಈಗ ಹಿತ್ತಾಳೆ ಬಿಲ್ಲೆಯಲ್ಲ, ಕೆಂಪು ಪ್ಲಾಸ್ಟಿಕ್ ಕಾರ್ಡು ಎಂದು ಕೇಳಿದ್ದೇನೆ. ನೀವು ನಗುತ್ತಿದ್ದೀರಿ. ಕಾರ್ಯದರ್ಶಿಗಳು ನಗುತ್ತಿಲ್ಲ. ನಾನೂ ಆ ಕುರ್ಚಿಯಲ್ಲಿದ್ದಾಗ ನಗುತ್ತಿರಲಿಲ್ಲ.

ಅಕ್ಕ ಈ ಸಭಾಂಗಣದಿಂದ ಎರಡು ಬೀದಿ ಆಚೆ ಇದ್ದಾಳೆ. ಈ ವಯಸ್ಸಿನಲ್ಲೂ ಮನೆಯಲ್ಲೇ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಾಳೆ. ನಲವತ್ತು ವರ್ಷದಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಈ ಸಮಾರಂಭದ ಆಹ್ವಾನ ಪತ್ರಿಕೆಯನ್ನು ನನ್ನ ಮಗಳ ಕೈಲಿ ಕಳಿಸಿದ್ದೆ. “ನಾನು ಬರಲ್ಲ ಅಂತ ಹೇಳಮ್ಮ,” ಎಂದಳಂತೆ. “ಯಾರ ಅಪ್ಪಣೇನೂ ಕೇಳದೆ ಏಳೋಕೆ ಕಲಿತ ದಿನ ನಿಮ್ಮಪ್ಪನೇ ಇಲ್ಲಿಗೆ ಬರ್ಲಿ.”

ಮಗಳು ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಬೇರೇನೂ ಇಲ್ಲ, ಅವಳನ್ನು ನೋಡಬೇಕು ಅಷ್ಟೇ. ಅವಳು ಬಾಗಿಲು ತೆಗೆಯಬಹುದು, ತೆಗೆಯದೆಯೂ ಇರಬಹುದು. ಅದು ಅವಳಿಗೆ ಬಿಟ್ಟದ್ದು.

ಈ ಗಾಜಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ. ಇಟ್ಟುಕೊಳ್ಳುವುದಾದರೆ ಕೆಳಗಿನ ಬರಹವನ್ನು ತಿದ್ದಿಸಿ, ನನ್ನ ಹೆಸರು ಹಾಕಿ. ಅಧ್ಯಕ್ಷರೇ, ನಿಮ್ಮ ಭಾಷಣ ಇನ್ನೂ ಬಾಕಿ ಇದೆ ಎಂದು ಬಲ್ಲೆ. ನಾನು ನನ್ನನ್ನೇ ಕೇಳಿಕೊಂಡೆ, ಹೊರಟಿದ್ದೇನೆ. ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ಏಳಬೇಕು ಅನಿಸಿದವರು ಏಳಿ, ಕೂತಿರಬೇಕು ಅನಿಸಿದವರು ಕೂತಿರಿ. ಎಲ್ಲರಿಗೂ ನನ್ನ ನಮಸ್ಕಾರ.