ತೊಟ್ಟಿಲು ಮುಟ್ಟದ ಇನ್‌ಸ್ಪೆಕ್ಟರ್

ಕಣ್ಣಾಸ್ಪತ್ರೆಯ ನರ್ಸ್ ಒಬ್ಬ ಮುದುಕರಿಗೂ ಒಬ್ಬ ಅಜ್ಜಿಗೂ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿದ್ದಳು. ಅವರ ಪಾಲಿಗೆ ಲೋಕವೆಲ್ಲ ಮಂಜಾಗಿತ್ತು.

“ಇನ್ನೆಷ್ಟು ಹೊತ್ತಮ್ಮಾ?” ಎಂದು ಮುದುಕರು ಅವಳನ್ನು ಕೇಳಿದ್ದೇ ತಡ, ಪಕ್ಕದ ಅಜ್ಜಿ ಥಟ್ಟನೆ ತಿರುಗಿದರು.

“ನೀವು ತೆರಿಗೆ ಇನ್‌ಸ್ಪೆಕ್ಟರ್ ಅಲ್ವಾ? ನಮ್ಮ ಬಟ್ಟೆ ಅಂಗಡಿಗೆ ದಾಳಿಗೆ ಬಂದಿದ್ರಿ. ಆ ದನಿ ನಾನು ಮರೆತಿಲ್ಲ.”

“ಆಗಿದ್ದೆ ತಾಯಿ. ಕೆಲಸ ಬಿಟ್ಟು ಬಹಳ ಕಾಲ ಆಯ್ತು. ಈಗ ಜನಕ್ಕೆ ತೆರಿಗೆ ಸಲಹೆ ಹೇಳ್ತೀನಿ.”

“ಅಂಗಡಿ, ಮನೆ ಎಲ್ಲ ಜಾಲಾಡಿದ್ರಿ. ತೊಟ್ಟಿಲು ಮಾತ್ರ ಮುಟ್ಟಲಿಲ್ಲ. ಯಾಕೆ?”

“ಮಗು ಆಗಷ್ಟೇ ನಿದ್ದೆ ಹೋಗಿತ್ತು. ನಮ್ಮನೇಲೂ ಒಂದಿತ್ತು, ಮಲಗಿಸೋ ಪಾಡು ಗೊತ್ತಿತ್ತು.”



“ನಮ್ಮ ಯಜಮಾನ್ರು ಕೊನೇವರೆಗೂ ನಿಮಗೆ ಹಿಡಿಶಾಪ ಹಾಕಿದ್ರು.”

“ಹಾಕದೆ ಇನ್ನೇನು ಮಾಡ್ತಾರೆ?”

“ನಾನು ಹಾಕಲಿಲ್ಲ. ತೊಟ್ಟಿಲಲ್ಲಿದ್ದ ಆ ಮಗಳೇ ಈಗ ಅಂಗಡಿ ನೋಡ್ಕೊಳ್ತಾಳೆ. ತೆರಿಗೆ ನೋಟಿಸ್ ಬಂದಿದೆ, ಅವಳಿಗೆ ಊಟಾನೇ ಸೇರ್ತಿಲ್ಲ. ನಿಮ್ಮ ಹತ್ರ ಕಳಿಸ್ಲಾ?”

ಮುದುಕರು ಅಜ್ಜಿಯ ದನಿಯತ್ತ ತಿರುಗಿದರು.

“ಬೇಡ, ನಾನೇ ಬರ್ತೀನಿ. ಈ ಸಲ ಬಾಗಿಲು ತಟ್ಟಿ ಬರ್ತೀನಿ.”

ಒಳಗಿಂದ ಡಾಕ್ಟರ ಕರೆ ಬಂತು. ಅಜ್ಜಿ ತಡಕಾಡಿ ಅವರ ತೋಳು ಹಿಡಿದುಕೊಂಡರು. ಸರಿಯಾಗಿ ಕಣ್ಣು ಕಾಣದ ಇಬ್ಬರೂ ಬಿಳಿ ಬೆಳಕಿನತ್ತ ತೇಲಿದಂತೆ ನಡೆದರು. ಕೈಹಿಡಿದು ನಡೆಸಲು ಎದ್ದಿದ್ದ ನರ್ಸ್ ಅಲ್ಲೇ ನಿಂತಳು.