ಐದನೇ ಕೈ

...ಆ ಮಿಷನ್ ಒಸಿ ನಿಲ್ಸ್ಲಾ ಇದ್ರೀಸ್! ಸದ್ದಲ್ಲಿ ಏನೂ ಕೇಳ್ಸಾಕಿಲ್ಲ. ರೇಷ್ಮೆಗೂಡು ಒಂದ್ಗಳಿಗೆ ಕಾದ್ರೆ ಕೆಡಲ್ಲ.

ಯಾಕ್ ನಗ್ತೀಯ? ನಗು, ನಗು. ಹನ್ನೆರಡು ವರ್ಷ ಜಿಲ್ಲಾ ಕಬಡ್ಡಿ ಸಂಘದ ಕಾರ್ಯದರ್ಶಿ ಈ ನಟರಾಜು... ಬೆಳಿಗ್ಗೆ ಮೀಟಿಂಗಲ್ಲಿ ಮಾಜಿ ಆದ. ಒಂಬತ್ತು ಕ್ಲಬ್ಬು, ಕ್ಲಬ್ಬಿಗೊಂದು ಓಟು. ನಂಗೆ ನಾಲ್ಕು, ಆ ಬೋರಲಿಂಗಯ್ಯಂಗೆ ಐದು!

ಅವನಿಗೆ ನಾಲ್ಕು ಕೈ ಎದ್ದಾಗ ನಾನು ಆರಾಮಾಗೇ ಕೂತಿದ್ದೆ. ಐದನೇದು ಎದ್ತು... ಗೂಡು ಬೇಯ್ಸೋ ಬಿಸಿನೀರಲ್ಲಿ ಬೆಂದು ಬಿಳುಚಿದ ಬೆರಳು. ಮುಖ ನೋಡೋದೇ ಬೇಕಾಗ್ಲಿಲ್ಲ. ನಿಂದು ಲೇ! ನಿಂದು!

ಏನ್ ಕಮ್ಮಿ ಮಾಡಿದ್ದೆ ನಿಂಗೆ? ಚನ್ನಪಟ್ಟಣದಲ್ಲಿ ಮ್ಯಾಟ್ ಹಾಕ್ಸಿದ್ದು ಯಾರು? ಕನಕಪುರದ ಹುಡುಗೀರಿಗೆ ಕೋಚ್ ತಂದಿದ್ದು ಯಾರು? ನಿನ್ ಮಗಳು ಇಕ್ರಾನ ಜಿಲ್ಲಾ ಟೀಮಿಗೆ... ಸರಿ ಬುಡು, ಅವಳ ಆಟಕ್ಕೇ ಸಿಕ್ತು. ಒಪ್ಕೊಂಡೆ.

ನಾನೇನು ಪುಕ್ಸಟ್ಟೆ ಬಂದೋನಾ? ಆಡಿ ಬಂದೋನು ಕಣ್ಲಾ! ಮಾಗಡಿ ಟ್ರಯಲ್ಸು, ರಾಜ್ಯದ ಟೀಮು, ಆಟದ ಕೋಟಾದಲ್ಲಿ ಕೆಲಸ, ಆಮೇಲೆ ಈ ಕುರ್ಚಿ...

ಯಾಕ್ ಹಂಗ್ ನೋಡ್ತೀಯ? ಮಾಗಡಿ ಅಂದಿದ್ದಕ್ಕಾ?

ಹೌದಪ್ಪ, ರೈಡಲ್ಲಿ ನೀನೇ ಮುಂದೆ. ಇದ್ದಿದ್ದು ಒಂದೇ ಜಾಗ, ಅದು ನಿಂದೇ ಆಗ್ಬೇಕಿತ್ತು. ತೂಕದಲ್ಲಿ ಮುನ್ನೂರು ಗ್ರಾಂ ಜಾಸ್ತಿ ಬಂದು ಆಚೆ ಬಿದ್ದೆ. ನನ್ ತಪ್ಪಾ? ಗುಡೇಮಾರನಹಳ್ಳೀಲಿ, ನಮ್ಮನೇಲಿ ಕೂತು, ಬೆಳಬೆಳಿಗ್ಗೆ ಎರಡು ಮುದ್ದೆ ನುಂಗಿದ್ದು ನೀನು!

...ಬಡಿಸಿದ್ದು ನಮ್ಮವ್ವ. ಸರಿ. 'ತಿನ್ಲಾ, ತೂಕ ಹಾಕೋದು ಸಂಜೆಗೆ' ಅಂದಿದ್ದು ನಾನು. ಅದೂ ಸರಿ. ನಮ್ಮನ್ನ ಟ್ರಯಲ್ಸಿಗೆ ಕಳ್ಸಿದ ನಂಜುಂಡಯ್ಯ ಮೇಷ್ಟ್ರು ನಂಗೆ ಹಂಗೇ ಹೇಳಿದ್ರು. ಆಣೆ ಮಾಡ್ಲಾ? ಬೇಕಾದ್ರೆ ಅವರನ್ನೇ ಕೇಳು.

ಕೇಳಿದ್ಯಾ?

ಯಾವಾಗ?

...ಮೇಷ್ಟ್ರಿಗೆ ವಯಸ್ಸಾಯ್ತು ಕಣೋ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು ಅವರಿಗೆಲ್ಲಿ ನೆನಪಿರುತ್ತೆ? ಬೆಳಿಗ್ಗೆ ಎಂಟು ಗಂಟೆ ಅಂದ್ರೋ, ಸಂಜೆ ಅಂದ್ರೋ...

ನಾನೆಲ್ಲಿ ಅಂದೆ ಎಂಟು ಗಂಟೆ ಅಂತ?

ಬಯ್ಯಿ ಲೇ, ಬಯ್ಯಿ. ಅವತ್ತು ಮಾಗಡಿ ಬಸ್‌ಸ್ಟ್ಯಾಂಡಲ್ಲಿ ಅಳ್ತಾ ನಿಂತಿದ್ಯಲ್ಲ, ಅವಾಗ್ಲೂ ಹಿಂಗೇ ನನ್ ಮುಖಾನೇ ನೋಡ್ತಿದ್ದೆ.

ಇದ್ರೀಸ್... ಒಂದು ಹೇಳು, ಸಾಕು. ಆ ಬೆಳಿಗ್ಗೆ ನಾನ್ ಯಾಕೆ ಊಟಕ್ಕೆ ಕೂರ್ಲಿಲ್ಲ ಅಂತ... ನೀನು ಯಾಕ್ಲಾ ಒಂದ್ಸಲಾನೂ ಕೇಳ್ಲಿಲ್ಲ?